ಸೇಬಿನ ತೋಟದ ನಾಲ್ಕನೇ ಸಾಲು

ಆಗಸ್ಟ್ 9

ಅಪ್ಪನಿಗೆ ನಮಸ್ಕಾರ.

ಇದು ಮೂರನೇ ಕಾಗದ. ಮೊದಲ ಎರಡಕ್ಕೆ ನೀವು ಉತ್ತರ ಬರೆಯಲಿಲ್ಲ. ಓದಿದಿರಂತೆ, ಮಡಿಸಿ ಅಂಗಡಿಯ ಎಣ್ಣೆಡಬ್ಬಿಯ ಕೆಳಗೆ ಇಟ್ಟಿರಂತೆ, ಅತ್ತೆ ಬರೆದಿದ್ದರು. ಅಷ್ಟಾದರೂ ಆಯಿತಲ್ಲ. ‘ಗಡಿ ಕಡೆ ಕೆಲಸ ಬೇಡ’ ಎಂದು ಒಂದೇ ಮಾತು ಹೇಳಿದಿರಿ. ಯಾಕೆ ಎಂದು ಕೇಳಿದ್ದಕ್ಕೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಬಿಟ್ಟಿರಿ. ನಾನೂ ನಿಮ್ಮ ಮಗಳೇ ತಾನೆ, ಹಟ ಹಿಡಿದು ಬಂದೆ. ಬಂದು ಆರು ತಿಂಗಳಾಯಿತು. ಇಲ್ಲಿ ಫೋನು ಹಿಡಿಯುವುದಿಲ್ಲ. ಗಡಿಯ ಹತ್ತಿರ ಹಿಡಿಯಬಾರದೆಂದೇ ಹಾಗೆ ಮಾಡಿದ್ದಾರೆ. ವಾರಕ್ಕೆರಡು ಸಲ ಸಾಮಾನಿನ ಜೀಪು ಬರುತ್ತದೆ, ಟಪಾಲೂ ಅದರಲ್ಲೇ. ತನಿಖಾ ಠಾಣೆಯಲ್ಲಿ ಕೆಲವು ಕಾಗದಗಳನ್ನು ಒಡೆದು ಓದುತ್ತಾರೆ ಎನ್ನುತ್ತಾರೆ. ನಮ್ಮದರಲ್ಲಿ ಓದುವಂಥದ್ದು ಏನಿದೆ, ಓದಿಕೊಳ್ಳಲಿ.

ನಮ್ಮ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರ ಹಿಂದೆ ಸುಂಕದ ಕಚೇರಿಯಾಗಿತ್ತು. ಎರಡು ಕೋಣೆ, ಒಂದು ಟಿಕೆಟ್ ಕಿಟಕಿ, ಗೋಡೆಯ ತುಂಬ ನಕ್ಷೆ, ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿದ ಒಂದು ನೀರುನಾಯಿ. ಅದರ ಒಂದು ಕಣ್ಣು ಉದುರಿಹೋಗಿ, ಮೇಲ್ವಿಚಾರಕರು ಆ ಜಾಗಕ್ಕೆ ಗೋಲಿ ಅಂಟಿಸಿದ್ದಾರೆ. ಬಂದವರಿಗೆ ಉದ್ಯಾನದ ಕಥೆ ಹೇಳುವುದು, ಫಲಕಗಳಿಗೂ ಕೈಪಿಡಿಗೂ ಬರೆದುಕೊಡುವುದು ನನ್ನ ಕೆಲಸ. ಒಂದು ಫಲಕಕ್ಕೆ ನೂರು ಪದ. ಹೆಚ್ಚಾದರೆ ‘ನಿಂತು ಓದೋರಿಗೆ ಕಾಲು ನೋಯುತ್ತಮ್ಮ’ ಎನ್ನುತ್ತಾರೆ ಮೇಲ್ವಿಚಾರಕರು.

ನೂರು ಪದದಲ್ಲಿ ಏನನ್ನು ಹಿಡಿಸಲಿ, ಏನನ್ನು ಬಿಡಲಿ. ಬೆಟ್ಟದ ನೆತ್ತಿಯುದ್ದಕ್ಕೂ ನಂಬರು ಕೊರೆದ ಗಡಿಕಲ್ಲುಗಳಿವೆ. ಕಲ್ಲಿನ ಆ ಕಡೆ ಬೇರೆ ದೇಶ. ಕಾಡುಮೇಕೆಗಳಿಗೆ ಅದು ತಿಳಿಯದು, ಬೆಳಗ್ಗೆ ಅಲ್ಲಿ ಮೇದು ಸಂಜೆ ಇಲ್ಲಿ ಬಂದು ನೀರು ಕುಡಿಯುತ್ತವೆ. ಹಿಂದೆ ಉಪ್ಪಿನ ವ್ಯಾಪಾರಿಗಳು ಹೇಸರಗತ್ತೆ ಹೊಡೆದುಕೊಂಡು ಹೋಗುತ್ತಿದ್ದ ಹಾದಿಯಿದೆ. ಅವರು ಮಳೆಗೆ ನಿಲ್ಲುತ್ತಿದ್ದ ಬಂಡೆಯ ಅಡಿಯಲ್ಲಿ ಕೆಮ್ಮಣ್ಣು ಮೆತ್ತಿ ಒತ್ತಿದ ಕೈಗುರುತುಗಳಿವೆ; ಒಂದು ತೀರಾ ಚಿಕ್ಕದು, ಮಗುವಿನದಿರಬೇಕು. ಹೇಸರಗತ್ತೆಗಳಿಗೆ ನೀರು ತುಂಬುತ್ತಿದ್ದ ಕಲ್ಲುತೊಟ್ಟಿ ಇನ್ನೂ ಇದೆ. ಅದರಾಚೆ ಒಂದು ಹಳ್ಳಿ. ಯುದ್ಧದ ಕಾಲದಲ್ಲಿ ಜನರನ್ನು ಒಕ್ಕಲೆಬ್ಬಿಸಿ ಕಳಿಸಿದರಂತೆ. ಈಗ ಬರೀ ಮೋಟುಗೋಡೆಗಳು, ಜೊತೆಗೆ ಒಂದು ಸೇಬಿನ ತೋಟ. ನಲವತ್ತು ವರ್ಷದಿಂದ ಕೊಯ್ಯುವವರಿಲ್ಲದೆಯೂ ಮರಗಳು ಕಾಯಿ ಬಿಡುತ್ತಲೇ ಇವೆ.

ತೊಟ್ಟಿಯಿಂದ ತೋಟಕ್ಕೆ ಹೊಸದಾಗಿ ಕಾಲುಹಾದಿ ಮಾಡುತ್ತಿದ್ದೇವೆ. ನವೆಂಬರ್ 20ಕ್ಕೆ ಉದ್ಘಾಟನೆ. ಹೆದರಬೇಡಿ, ನೆಲಬಾಂಬುಗಳನ್ನೆಲ್ಲ ಒಂಬತ್ತು ವರ್ಷದ ಹಿಂದೆಯೇ ತೆಗೆದಾಗಿದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ.

ನೀವು ಸೈನ್ಯದಲ್ಲಿ ಇದ್ದದ್ದು ಯಾವ ಗಡಿಯಲ್ಲಿ ಅಂತ ಒಂದು ದಿನವೂ ಹೇಳಲಿಲ್ಲ. ಈಗಲಾದರೂ ಹೇಳಬಹುದಲ್ಲ.

ನಿಮ್ಮ
ಕುಳ್ಳಿ

*

ಆಗಸ್ಟ್ 21

ಕುಳ್ಳಿ,

ಕಾಗದ ಬಂತು. ಇಲ್ಲಿ ಎಲ್ಲ ಕ್ಷೇಮ. ಅತ್ತೆಗೆ ಮಂಡಿನೋವು, ಬಾಯಿಗೆ ಏನೂ ಆಗಿಲ್ಲ. ಶಾಲೆಯವರ ಹನ್ನೆರಡು ಹೊಲಿಗೆ ಯಂತ್ರ ರಿಪೇರಿಗೆ ಬಂದಿವೆ, ಕೈತುಂಬ ಕೆಲಸ.

ಒಂದು ವಿಷಯ. ನೀನು ಆ ತೋಟಕ್ಕೆ ಹೋಗುವಾಗ ಜೋಡಿಗೋಡೆಯ ತನಕ ಹೋಗು, ಸಾಕು. ಕೆಳಗೆ ತೊರೆಯ ಕಡೆ ಇಳಿಯಬೇಡ. ಬೇರೆಯವರನ್ನೂ ಇಳಿಸಬೇಡ. ಹಾದಿ ತೋಟದ ಮೇಲ್ಗಡೆ ಹೋಗುತ್ತದೋ ಕೆಳಗಡೆಯೋ ಬರೆ. ಬೇಗ ಬರೆ.

ಆ ಕೆಲಸ ಬಿಟ್ಟು ಬಂದರೆ ನಾನು ಒಂದು ಮಾತೂ ಆಡುವುದಿಲ್ಲ.

ಅಪ್ಪ

*

ಸೆಪ್ಟೆಂಬರ್ 2

ಅಪ್ಪ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಅಲ್ಲಿ ಜೋಡಿಗೋಡೆ ಇದೆಯೆಂದು ನಾನು ಬರೆದಿರಲಿಲ್ಲ. ತೋಟದ ಕೆಳಗೆ ತೊರೆ ಹರಿಯುವುದನ್ನೂ ಬರೆದಿರಲಿಲ್ಲ. ಎರಡೂ ಇವೆ.

ಹಾದಿ ಕೆಳಗಡೆಯೇ ಹೋಗುತ್ತದೆ. ಗೋಡೆಗೂ ತೊರೆಗೂ ನಡುವೆ, ನೆರಳಿದೆ ಅಂತ.

ಕಳೆದ ಮಂಗಳವಾರ ನಾನು ಅಲ್ಲಿ ಟೇಪು ಹಿಡಿದು ಅಳತೆ ಮಾಡಿದೆ. ಶುಕ್ರವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾನು ಟಿಕೆಟ್ ಕಿಟಕಿಯಲ್ಲಿ ಕೂತಿದ್ದಾಗ ಒಂದು ಶಬ್ದ ಬಂತು. ಗುಡುಗಲ್ಲ, ಗುಡುಗಿಗೆ ಬಾಲ ಇರುತ್ತದೆ. ಇದು ಒಂದೇ ಏಟು. ಕಿಟಕಿಯ ಗಾಜು ನಡುಗಿತು. ಆಮೇಲೆ ಒಂದು ಹಕ್ಕಿಯ ಸದ್ದೂ ಇಲ್ಲ. ಮೇಲ್ವಿಚಾರಕರು ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಡದೆ, ‘ಆ ಕಡೆಯವರು ಬಂಡೆ ಒಡೀತಿದ್ದಾರೆ’ ಎಂದರು.

ಮಧ್ಯಾಹ್ನ ಟೋಪಿ ಮಾವ ಬಂದ. ಮೂವತ್ತು ವರ್ಷದಿಂದ ಈ ಕಾಡಿನ ಕಾವಲಿಗಿರುವವನು. ಎಲ್ಲರೂ ಮಾವ ಎಂದೇ ಕರೆಯುತ್ತಾರೆ, ಮಲಗುವಾಗಲೂ ಟೋಪಿ ತೆಗೆಯುವುದಿಲ್ಲವಂತೆ. ಅವತ್ತು ಟೋಪಿ ಕೈಯಲ್ಲಿತ್ತು. ತೋಟದ ಕೆಳಗೆ ಒಂದು ಕಾಡುಹಂದಿ ಬಿದ್ದಿದೆ, ಅರ್ಧವೇ ಸಿಕ್ಕಿತು ಎಂದ.

ಮೇಲ್ವಿಚಾರಕರು ದಿನಚರಿ ಪುಸ್ತಕ ನನ್ನ ಕಡೆ ತಳ್ಳಿ, ‘ಹಂದಿ ಬಂಡೆ ಮೇಲಿಂದ ಜಾರಿ ಬಿದ್ದಿದೆ, ಬರ್ಕೊಳ್ಳಿ’ ಎಂದರು.

‘ಅಲ್ಲಿ ಬಂಡೆ ಎಲ್ಲಿದೆ ಸ್ವಾಮಿ?’ ಎಂದ ಮಾವ.

‘ನಿನ್ನ ಕೇಳಿದ್ನಾ?’

ನಾನು ಬರೆದೆ ಅಪ್ಪ. ಹಂದಿ ಜಾರಿ ಬಿದ್ದಿದೆ ಅಂತ ನನ್ನ ಕೈಯಾರೆ ಬರೆದೆ. ಬರೆದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮಂಗಳವಾರ ಎಲ್ಲೆಲ್ಲಿ ಕಾಲಿಟ್ಟೆ ಎಂದು ನೆನಪಿಸಿಕೊಳ್ಳಲು ಹೋದೆ. ಒಂದು ಹೆಜ್ಜೆಯೂ ನೆನಪಾಗಲಿಲ್ಲ. ನಡೆಯುವಾಗ ಯಾರು ಹೆಜ್ಜೆ ನೆನಪಿಟ್ಟುಕೊಳ್ಳುತ್ತಾರೆ. ಈಗ ಕೋಣೆಯಿಂದ ಕಚೇರಿಗೆ ಹೋಗುವಾಗಲೂ ನಿನ್ನೆ ತುಳಿದ ಕಲ್ಲನ್ನೇ ಹುಡುಕಿ ತುಳಿಯುತ್ತೇನೆ.

ಆ ತೊರೆ ನಿಮಗೆ ಹೇಗೆ ಗೊತ್ತು?

ಕುಳ್ಳಿ

*

ಸೆಪ್ಟೆಂಬರ್ 10

ಚಿರಂಜೀವಿ ಕುಳ್ಳಿಗೆ ನಿಮ್ಮತ್ತೆಯ ಆಶೀರ್ವಾದ.

ಈ ಕಾಗದ ಬರೆಯುವುದು ನಿಮ್ಮಪ್ಪನಿಗೆ ಗೊತ್ತಿಲ್ಲ. ಗೊತ್ತಾದರೂ ನನಗೇನು ಭಯವಿಲ್ಲ, ಅವನ ಮೂಗು ಒರೆಸಿ ಬೆಳೆಸಿದವಳು ನಾನು. ಆದರೆ ಈಗ ಭಯವಾಗುತ್ತಿದೆ, ಅದಕ್ಕೇ ಬರೆದೆ.

ನಿನ್ನ ಕಾಗದ ಬಂದ ದಿನದಿಂದ ಅಂಗಡಿಯ ಬಾಗಿಲು ತೆಗೆದಿಲ್ಲ. ಶಾಲೆಯವರು ಎರಡು ಸಲ ಬಂದು ಬೈದು ಹೋದರು. ನನ್ನ ಗುಂಡಿ ಡಬ್ಬಿ ತೆಗೆದುಕೊಂಡು ಊಟದ ಮೇಜಿನ ಮೇಲೆ ಗುಂಡಿಗಳನ್ನು ಸಾಲಾಗಿ ಇಡುತ್ತಾನೆ. ಒಂದು ಸಾಲು, ಎರಡು ಸಾಲು, ಮೂರು ಸಾಲು. ಮೂರನೆಯದು ಆದಮೇಲೆ ಕೈ ನಿಲ್ಲುತ್ತದೆ. ಅಳತೆಪಟ್ಟಿ ಇಟ್ಟು ನೋಡುತ್ತಾನೆ, ಗುಂಡಿ ಅರ್ಧ ಬೆರಳು ಸರಿಸುತ್ತಾನೆ, ಎಲ್ಲ ಬಾಚಿ ಡಬ್ಬಿಗೆ ಸುರಿಯುತ್ತಾನೆ, ಮತ್ತೆ ಶುರು. ‘ಇದೇನೋ ಆಟ’ ಎಂದು ಕೇಳಿದೆ. ‘ಅಕ್ಕ, ಮೇಜು ಮುಟ್ಟಬೇಡ’ ಎಂದ. ಕೂಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಮೆಲ್ಲಗೆ ಹೇಳಿದ, ಬೇಡಿಕೊಂಡ ಹಾಗೆ. ನಾಲ್ಕು ದಿನದಿಂದ ನಾವಿಬ್ಬರೂ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದೇವೆ, ನನ್ನ ಮಂಡಿಯ ಗತಿ ನೀನೇ ಊಹಿಸಿಕೊ.

ಸೈನ್ಯದಿಂದ ಬಂದ ವರ್ಷ ಒಂದು ಸಲ ಹೀಗೇ ಆಗಿದ್ದ. ಆಗ ಹಿತ್ತಿಲಿಗೂ ಇಳಿಯುತ್ತಿರಲಿಲ್ಲ, ಸಿಮೆಂಟು ಹಾಕಿಸಿದ ಮೇಲೆಯೇ ಇಳಿದದ್ದು. ಮದುವೆಯಾಗಿ ನೀನು ಹುಟ್ಟಿದ ಮೇಲೆ ಸರಿಹೋಯಿತು ಅಂದುಕೊಂಡಿದ್ದೆ.

ಅಲ್ಲಿ ಏನಿದೆಯೋ ನನಗೆ ತಿಳಿಯದು. ಸುಮ್ಮನೆ ಬಂದುಬಿಡು ತಾಯಿ.

ಅತ್ತೆ

*

ಸೆಪ್ಟೆಂಬರ್ 15

ಕುಳ್ಳಿ,

ಈ ಕಾಗದ ಓದಿ ಸುಟ್ಟುಬಿಡು.

ನನಗೆ ಆಗ ಇಪ್ಪತ್ತೆರಡು. ನೆಲಬಾಂಬು ಹೂಳುವ ತಂಡದಲ್ಲಿ ನಾವು ನಾಲ್ವರು, ನಮಗೊಬ್ಬ ಮುಖ್ಯಸ್ಥ. ನೀನು ಕೆಲಸ ಮಾಡುವ ಜಾಗದಲ್ಲೇ ನಾನು ಹನ್ನೊಂದು ವಾರ ಇದ್ದೆ. ಆ ತೊಟ್ಟಿಯಲ್ಲಿ ಬಟ್ಟೆ ಒಗೆದಿದ್ದೇನೆ. ಕೈಗುರುತಿನ ಬಂಡೆಯ ಕೆಳಗೆ ಮಲಗಿದ್ದೇನೆ. ಮಗುವಿನ ಕೈ ಎಂದೆಯಲ್ಲ, ನಾವೂ ಹಾಗೇ ಅಂದುಕೊಂಡಿದ್ದೆವು.

ಹಳ್ಳಿಯ ಮೇಲ್ಗಡೆ ಮೂರು ಸಾಲು ಹೂತೆವು. ಪ್ರತಿಯೊಂದನ್ನೂ ನಕ್ಷೆಯಲ್ಲಿ ಗುರುತು ಮಾಡಿ ಕಳಿಸಿದೆವು. ನಿಮ್ಮ ಗೋಡೆಯ ಪ್ರಮಾಣಪತ್ರ ಆ ಮೂರು ಸಾಲಿನದು. ಅದು ಸುಳ್ಳಲ್ಲ.

ಹಿಂದಕ್ಕೆ ಬರಬೇಕೆಂದು ಆಜ್ಞೆ ಬಂದ ದಿನ ನಲವತ್ತೊಂದು ಉಳಿದಿದ್ದವು. ಹೊತ್ತು ತರಲು ಹೇಸರಗತ್ತೆಗಳಿರಲಿಲ್ಲ. ಬಿಟ್ಟು ಬಂದರೆ ಶತ್ರುವಿಗೆ ಸಿಗುತ್ತವೆ. ಮುಖ್ಯಸ್ಥ ತೋಟದ ಕಡೆ ನೋಡಿದ. ಹಣ್ಣು ಬಿಟ್ಟಿತ್ತು. ‘ಹಸಿದು ಬರ್ತಾರೆ, ಮೊದ್ಲು ಇಲ್ಲಿಗೇ ಬರ್ತಾರೆ’ ಎಂದ. ಜೋಡಿಗೋಡೆಯ ಮೂಲೆಯಿಂದ ಹನ್ನೆರಡು ಹೆಜ್ಜೆ ಕೆಳಗೆ ಶುರುಮಾಡಿ, ತೊರೆಯ ಉದ್ದಕ್ಕೂ ಹೂತೆವು. ಹೆಜ್ಜೆ ಎಣಿಸಿದವನು ನಾನು. ನಕ್ಷೆ ಆಗಲೇ ಹೋಗಿಬಿಟ್ಟಿತ್ತು. ‘ಇದನ್ನ ನಾಳೆ ಬರ್ಕೊಡೋಣ’ ಎಂದ ಮುಖ್ಯಸ್ಥ. ಮರುದಿನ ದಾರಿಯಲ್ಲಿ ಫಿರಂಗಿ ಗುಂಡು ಬಿದ್ದು ಅವನೂ ಇನ್ನಿಬ್ಬರೂ ಸತ್ತರು. ಇನ್ನೊಬ್ಬ ಆಸ್ಪತ್ರೆಯಲ್ಲಿ. ನಾಲ್ಕನೇ ಸಾಲು ಗೊತ್ತಿದ್ದವನು ನಾನೊಬ್ಬನೇ ಉಳಿದೆ.

ಮೂರನೇ ದಿನ ನಾನು ಉಳಿದ ಪಡೆಯ ಜೊತೆ ಬೆಟ್ಟದ ಈ ಕಡೆ ಇದ್ದೆ. ಬೆಳಗ್ಗೆ ತೋಟದ ದಿಕ್ಕಿನಿಂದ ಒಂದು ಶಬ್ದ ಬಂತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಶತ್ರು ಆ ಕಡೆಯಿಂದ ಬರಲೇ ಇಲ್ಲ ಎಂದು ಆಮೇಲೆ ತಿಳಿಯಿತು. ಹಾಗಿದ್ದರೆ ತೋಟಕ್ಕೆ ಬಂದವರು ಯಾರು? ನಾನು ಕೇಳಲಿಲ್ಲ. ಆಗ ಹೇಳಿದ್ದರೆ ಶಿಕ್ಷೆಯಾಗುತ್ತದೆ ಎಂದು ಹೇಳಲಿಲ್ಲ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಅಂತ ಹೇಳಲಿಲ್ಲ. ಆಮೇಲೆ ನೀನು ಹುಟ್ಟಿದೆ. ಅಲ್ಲಿಗೆ ಯಾರೂ ಹೋಗುವುದಿಲ್ಲ, ಮುಳ್ಳುತಂತಿ ಇದೆ ಎಂದು ಸಮಾಧಾನ ಮಾಡಿಕೊಂಡೆ. ಅದು ಉದ್ಯಾನವಾಗುತ್ತದೆ, ಟಿಕೆಟ್ ಕೊಟ್ಟು ಜನ ಬರುತ್ತಾರೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ಹಾದಿಯನ್ನು ಹೇಗಾದರೂ ನಿಲ್ಲಿಸು. ನನ್ನ ಹೆಸರು ಹೇಳಬೇಡ. ಮುದುಕನೊಬ್ಬ ಹೇಳಿದ ಎನ್ನು, ಕನಸು ಬಿತ್ತು ಎನ್ನು, ಏನಾದರೂ ಹೇಳು. ಈ ಬೀದಿಯಲ್ಲಿ ಎಲ್ಲರೂ ನನ್ನನ್ನು ಒಳ್ಳೆಯವನು ಎಂದುಕೊಂಡಿದ್ದಾರೆ.

ಅಪ್ಪ

*

ಸೆಪ್ಟೆಂಬರ್ 28

ಅಪ್ಪ,

ನಿಮ್ಮ ಕಾಗದದ ಲಕೋಟೆಗೆ ಎರಡು ಸಲ ಗೋಂದು ಹಚ್ಚಿದ ಗುರುತಿದೆ. ನೀವೇ ತೆರೆದು ಮತ್ತೆ ಅಂಟಿಸಿದಿರಾ? ಅಲ್ಲವಾದರೆ ಠಾಣೆಯಲ್ಲಿ ಯಾರೋ ಓದಿದ್ದಾರೆ. ಜೀಪಿನ ಸದ್ದಾದರೆ ಕಿಟಕಿಗೆ ಹೋಗಿ ಯಾರು ಇಳಿಯುತ್ತಾರೆ ಎಂದು ನೋಡುತ್ತೇನೆ. ಕಾಗದವನ್ನು ನಾನು ಸುಟ್ಟಿಲ್ಲ. ಸುಡಲು ಒಲೆಯ ಮುಂದೆ ಕೂತೆ, ಆಗಲಿಲ್ಲ. ಈ ಲೋಕದಲ್ಲಿ ಆ ಸಾಲಿನ ಲೆಕ್ಕ ಇರುವುದು ಆ ಎರಡು ಹಾಳೆಯಲ್ಲಿ ಮಾತ್ರ.

ಮೇಲ್ವಿಚಾರಕರಿಗೆ ಹೇಳಿದೆ. ಅವರು ಕೆಟ್ಟವರೇನಲ್ಲ. ನನಗೆ ಜ್ವರ ಬಂದಾಗ ಅವರ ಮನೆಯಿಂದಲೇ ಗಂಜಿ ಬಂದಿತ್ತು.

‘ತೋಟದ ಕೆಳಗೆ ಇನ್ನೊಂದು ಸಾಲು ಇದೆ ಸರ್. ನಕ್ಷೆಯಲ್ಲಿ ಇಲ್ಲದ್ದು.’

‘ಯಾರು ಹೇಳಿದ್ದು?’

‘ಆಗ ಅಲ್ಲಿದ್ದವರೊಬ್ಬರು.’

‘ಹೆಸರು?’

‘ಹೆಸರು ಹೇಳೋ ಹಾಗಿಲ್ಲ ಸರ್.’

‘ನೋಡಮ್ಮ, ಪ್ರಮಾಣಪತ್ರದ ಕೆಳಗೆ ಐದು ಜನರ ಸಹಿ ಇದೆ. ನಿನ್ನ ಕಥೆಗೆ ಒಬ್ಬರದ್ದೂ ಇಲ್ಲ. ಹೆಸರಿಲ್ಲದ ಮಾತನ್ನ ನಾನು ಎಲ್ಲಿಗೆ ಕಳಿಸ್ಲಿ? ಉದ್ಘಾಟನೆಗೆ ನಲವತ್ತು ಶಾಲೆ ಮಕ್ಕಳನ್ನ ಕರೆಸಿದ್ದೀವಿ, ಮಂತ್ರಿಗಳು ಬರ್ತಾರೆ. ಹಂದಿ ನೆನೆಸ್ಕೊಂಡು ಹೆದರಿದ್ದೀಯ, ಎರಡು ದಿನ ರಜೆ ತಗೋ.’

ಮಕ್ಕಳು ಎರಡು ಸಾಲಾಗಿ ಹೋಗುತ್ತಾರಂತೆ. ತೋಟದಲ್ಲಿ ಬಿದ್ದ ಹಣ್ಣು ಆರಿಸಿಕೊಳ್ಳಬಹುದು ಎಂದು ಕಾರ್ಯಕ್ರಮ ಪಟ್ಟಿಯಲ್ಲೇ ಬರೆದಿದ್ದಾರೆ.

ಫಲಕಕ್ಕೆ ‘ಈ ಹಾದಿ ಸುರಕ್ಷಿತವಾಗಿದೆ’ ಎಂದು ನಾನು ಬರೆಯಬೇಕು. ಮೂರು ಸಲ ಬರೆದು ಮೂರು ಸಲ ಹರಿದೆ.

ನಾನು ಈ ಕೆಲಸಕ್ಕೆ ಹೊರಟಾಗ ನಿಮಗೆ ಎಲ್ಲ ಗೊತ್ತಿತ್ತು. ಮಗಳು ಆ ಕಾಡಿಗೇ ಹೋಗುತ್ತಿದ್ದಾಳೆ ಎಂದು ತಿಳಿದೂ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದಿರಿ. ಆ ಮಂಗಳವಾರ ನನ್ನ ಕಾಲು ಒಂದು ಗೇಣು ಆಚೆ ಬಿದ್ದಿದ್ದರೆ, ಆಗಲೂ ಬಾಯಿ ಬಿಡುತ್ತಿರಲಿಲ್ಲವೇ? ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆದಾಯಿತು.

ಅವರಿಗೆ ಹೆಸರು ಬೇಕು ಅಪ್ಪ.

ಕುಳ್ಳಿ

*

ಅಕ್ಟೋಬರ್ 20

ಅಪ್ಪ,

ಮೂರು ವಾರವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಜೀಪು ಆರು ಸಲ ಬಂದು ಹೋಯಿತು.

ನಡೆದದ್ದಿಷ್ಟು. ನಾನೂ ಟೋಪಿ ಮಾವನೂ ಜೋಡಿಗೋಡೆಯಿಂದ ಅಡ್ಡಲಾಗಿ ಹಗ್ಗ ಕಟ್ಟಿ ಕೆಂಪು ಬಟ್ಟೆ ನೇತುಹಾಕಿದೆವು. ಮೇಲ್ವಿಚಾರಕರು ಬಿಚ್ಚಿಸಿದರು. ಮತ್ತೆ ಕಟ್ಟಿದೆವು. ನನಗೆ ನೋಟೀಸು ಕೊಟ್ಟರು: ಹುಸಿ ಭಯ ಹಬ್ಬಿಸಿದ್ದಕ್ಕೆ ವಿವರಣೆ ಕೊಡಬೇಕಂತೆ. ಬರೆಯುವ ಕೆಲಸ ತೆಗೆದು ಟಿಕೆಟ್ ಕಿಟಕಿಗೆ ಹಾಕಿದ್ದಾರೆ. ಫಲಕವನ್ನು ಬೇರೆಯವರಿಂದ ಬರೆಸಿದರು. ಕೈಪಿಡಿ ಐದು ಸಾವಿರ ಪ್ರತಿ ಅಚ್ಚಾಗಿ ಬಂದು ನನ್ನ ಕಾಲ ಬಳಿಯೇ ಕಟ್ಟು ಕಟ್ಟಾಗಿ ಕೂತಿದೆ. ಎಂಟನೇ ಪುಟದಲ್ಲಿ ತೋಟದ ಚಿತ್ರ. ‘ಇತಿಹಾಸದ ನೆರಳಲ್ಲಿ ಒಂದು ಸುರಕ್ಷಿತ ನಡಿಗೆ.’

ರಾಜಧಾನಿಯಲ್ಲಿರುವ ನಮ್ಮ ಮುಖ್ಯ ಕಚೇರಿಗೂ ಬರೆದೆ. ಮಾಹಿತಿಯ ಮೂಲ ತಿಳಿಸಿ ಎಂದು ಉತ್ತರ ಬಂತು. ಕೆಳಗೆ ಮೊಹರು.

ಟೋಪಿ ಮಾವ ರಜೆ ಹಾಕಿ ಹೊರಟುಹೋದ. ‘ನಂಗೆ ಮೊಮ್ಮಕ್ಕಳಿದ್ದಾರೆ ಕಣಮ್ಮ, ಆವತ್ತು ನಾನು ಇಲ್ಲಿರಲ್ಲ’ ಎಂದ. ಹೋಗುವಾಗ ನನ್ನ ಮುಖ ನೋಡಲಿಲ್ಲ.

ನಿಮ್ಮ ಕಾಗದವನ್ನು ಮೇಲ್ವಿಚಾರಕರ ಮೇಜಿನ ಮೇಲೆ ಇಟ್ಟುಬಿಡೋಣ ಎಂದು ಎರಡು ಸಲ ಅವರ ಬಾಗಿಲ ತನಕ ಹೋದೆ. ಅದು ನನಗೆ ಬರೆದ ಕಾಗದ. ನಿಮ್ಮ ಹೆಸರನ್ನು ಕದ್ದು ಕೊಡಲು ಕೈ ಬರಲಿಲ್ಲ, ನನ್ನದೂ ಹೇಡಿತನವೇ ಇರಬಹುದು.

ನವೆಂಬರ್ 20ರಂದು ಮಕ್ಕಳಿಗೆ ಹಾದಿ ತೋರಿಸಿಕೊಂಡು ಹೋಗಲು ಒಬ್ಬರು ಬೇಕಂತೆ. ನಾನು ಹೋಗುತ್ತೇನೆ ಎಂದು ಹೆಸರು ಕೊಟ್ಟಿದ್ದೇನೆ. ಮಕ್ಕಳಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆಯುತ್ತೇನೆ, ಅವರನ್ನು ಹತ್ತಿರ ಬಿಡುವುದಿಲ್ಲ. ನಿಮ್ಮನ್ನು ಹೆದರಿಸಲು ಬರೆದದ್ದಲ್ಲ ಇದು. ಬೇರೆ ಏನೂ ತೋಚಲಿಲ್ಲ. ನನಗೆ ತುಂಬಾ ಭಯವಾಗಿದೆ ಅಪ್ಪ. ಊಟ ಸೇರುತ್ತಿಲ್ಲ.

ಕುಳ್ಳಿ

*

ಅಕ್ಟೋಬರ್ 29

ಕುಳ್ಳಿ,

ನಡೆಯಬೇಡ.

ಇಪ್ಪತ್ತಾರಕ್ಕೆ ಮಾಜಿ ಸೈನಿಕರ ಕಚೇರಿಗೆ ಹೋದೆ. ಬಾಗಿಲ ತನಕ ಹೋಗಿ ವಾಪಸು ಬಂದೆ. ನಿಮ್ಮತ್ತೆ ‘ಏನಾಯ್ತು’ ಎಂದಳು. ಮೇಜಿನ ಹತ್ತಿರ ಕರೆದು, ಗುಂಡಿ ತೋರಿಸಿ, ಎಲ್ಲ ಹೇಳಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಸೀರೆ ಬದಲಾಯಿಸಿಕೊಂಡು ಬಂದು, ‘ನಡಿ, ನಾನೂ ಬರ್ತೀನಿ’ ಎಂದಳು.

ಅಲ್ಲಿದ್ದ ಗುಮಾಸ್ತೆ ನಿನಗಿಂತ ಚಿಕ್ಕವಳು. ಹೆಸರು, ಸೈನ್ಯದ ನಂಬರು, ತಂಡ ಕೇಳಿದಳು. ಮೂರನ್ನೂ ಹೇಳಿದೆ. ಒಳಗಿನ ಅಧಿಕಾರಿ ‘ನಾಳೆ ಬನ್ನಿ’ ಎಂದ. ನಿಮ್ಮತ್ತೆ ಬೆಂಚಿನ ಮೇಲೆ ಕಾಲು ಚಾಚಿ, ‘ನಾಳೆ ಅನ್ನೋ ಮಾತಿಂದ್ಲೇ ಇಷ್ಟಾಗಿರೋದು, ಇವತ್ತೇ ಬರ್ಕೊಳ್ಳಿ’ ಎಂದಳು. ಬರೆದುಕೊಂಡರು. ಎರಡು ದಿನ ಹಿಡಿಯಿತು. ಮೂರು ಪ್ರತಿ, ಪ್ರತಿ ಹಾಳೆಗೂ ಸಹಿ ಮಾಡಿದೆ. ಒಂದು ನೆಲಬಾಂಬ್ ತೆರವು ದಳಕ್ಕೆ, ಒಂದು ನಿಮ್ಮ ಕಚೇರಿಗೆ. ಮೂರನೆಯದನ್ನು ಪತ್ರಿಕೆಯವರಿಗೆ ನಾನೇ ಕೊಟ್ಟೆ. ಇನ್ನು ಹಿಂದೆ ಸರಿಯಲು ಆಗಬಾರದು ಅಂತ.

ಲಕೋಟೆಯ ಗೋಂದು ನಾನು ಹಚ್ಚಿದ್ದು. ಹೆಸರು ಹೇಳು ಎಂದು ತಿದ್ದಲು ತೆರೆದೆ. ಧೈರ್ಯ ಸಾಲದೆ ಹಾಗೇ ಅಂಟಿಸಿದೆ.

ದಳದವರು ಜಾಗ ತೋರಿಸಲು ನನ್ನನ್ನು ಕರೆತರುತ್ತಾರಂತೆ.

ಅಪ್ಪ

*

ನವೆಂಬರ್ 16

ಅತ್ತೆಗೆ ನಮಸ್ಕಾರ.

ಅಪ್ಪ ಕ್ಷೇಮವಾಗಿದ್ದಾರೆ. ಮೊದಲು ಅದನ್ನು ಬರೆಯುತ್ತಿದ್ದೇನೆ, ಉಳಿದದ್ದನ್ನು ನಿಧಾನವಾಗಿ ಓದಿ.

ಸೋಮವಾರ ದಳದವರ ವಾಹನದಿಂದ ಇಳಿದಾಗ ನನಗೆ ಗುರುತೇ ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದಾರೆ. ‘ಊಟ ಮಾಡ್ತಿದ್ದೀಯಾ?’ ಎಂದರು, ‘ಹ್ಞೂಂ’ ಎಂದೆ. ಇಬ್ಬರಿಗೂ ಸುಳ್ಳೆಂದು ಗೊತ್ತಿತ್ತು. ಮೇಲ್ವಿಚಾರಕರು ಅವರ ಕೋಣೆಯಿಂದ ಹೊರಗೆ ಬರಲಿಲ್ಲ.

ತೊಟ್ಟಿಯ ತನಕ ಅಪ್ಪ ಚೆನ್ನಾಗಿಯೇ ನಡೆದರು. ಆಮೇಲೆ ಕಾಲು ಏಳಲಿಲ್ಲ. ದಳದ ಮುಖ್ಯಸ್ಥೆ ನನ್ನ ವಯಸ್ಸಿನವಳು. ಅವಸರ ಮಾಡಲಿಲ್ಲ. ಅಪ್ಪನ ಮೊಳಕೈ ಹಿಡಿದುಕೊಂಡು, ‘ನಾನೂ ದಿನಾ ಹೆದರ್ತೀನಿ ಯಜಮಾನ್ರೇ. ಹೆದರಿಕೆ ಹೋದವರನ್ನ ನಾವು ಈ ಕೆಲಸಕ್ಕೆ ಇಟ್ಕೊಳ್ಳಲ್ಲ’ ಎಂದಳು. ದಳದವರು ಮೊದಲೇ ಪರೀಕ್ಷಿಸಿ ಬಿಳಿ ಪಟ್ಟಿ ಹಾಸಿದ್ದ ಜಾಗದಲ್ಲಿ ಇಬ್ಬರೂ ಜೋಡಿಗೋಡೆಯ ಮೂಲೆಗೆ ಹೋಗಿ ನಿಂತರು. ನನ್ನನ್ನು ಹಗ್ಗದಾಚೆ ನಿಲ್ಲಿಸಿದ್ದರು.

ಹನ್ನೆರಡು ಹೆಜ್ಜೆಗೆ ಸರಿಹೋಗುವ ಜಾಗವನ್ನು ಉದ್ದನೆಯ ಕಡ್ಡಿಗಳಿಂದ ಚುಚ್ಚಿ ಚುಚ್ಚಿ ನೋಡಿದರು. ಏನೂ ಸಿಗಲಿಲ್ಲ. ಎರಡನೇ ಸಲವೂ ಇಲ್ಲ. ‘ಮುದುಕನ ನೆನಪು’ ಎಂದು ಹಿಂದೆ ಯಾರೋ ಗೊಣಗಿದರು. ಅಪ್ಪ ತಮ್ಮ ಪಾದಗಳನ್ನೇ ನೋಡಿಕೊಂಡರು. ಆಮೇಲೆ, ‘ಈಗಿನ ನನ್ನ ಹೆಜ್ಜೆ ಅಳತೆ ಕೊಟ್ಟೆ, ತಪ್ಪಾಯ್ತು. ಆಗ ನಂಗೆ ಇಪ್ಪತ್ತೆರಡು. ಬೆನ್ನ ಮೇಲೆ ಹೊರೆ ಇತ್ತು. ಅಂಥವನೊಬ್ಬ ನಡೆದು ತೋರಿಸ್ಲಿ’ ಎಂದರು. ದಳದಲ್ಲಿ ಅವರಷ್ಟೇ ಎತ್ತರದ ಯೋಧನೊಬ್ಬ ಚೀಲ ಹೊತ್ತುಕೊಂಡು ಇತ್ತ ನಮ್ಮ ಕಚೇರಿಯ ಅಂಗಳದಲ್ಲಿ ಹನ್ನೆರಡು ಹೆಜ್ಜೆ ಹಾಕಿದ. ಅದನ್ನು ಟೇಪಿನಲ್ಲಿ ಅಳೆದು ತೋಟಕ್ಕೆ ಒಯ್ದರು. ಅಪ್ಪನ ಅಳತೆಗಿಂತ ಎರಡು ಮಾರು ಮುಂದೆ. ಅಲ್ಲಿ ಸಿಕ್ಕಿತು. ಹಾದಿಗೆಂದು ಗುರುತು ಮಾಡಿದ್ದ ಜಾಗದಲ್ಲೇ, ಒಂದು ಗೇಣು ಆಳದಲ್ಲಿ. ಮುಖ್ಯಸ್ಥೆ ಕೈಯೆತ್ತಿ ತೋರಿಸಿದಾಗ ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟರು.

ಐದು ದಿನದಲ್ಲಿ ಮೂವತ್ತಮೂರು ತೆಗೆದಿದ್ದಾರೆ. ಹೂತದ್ದು ನಲವತ್ತೊಂದು. ಅಪ್ಪ ಕೇಳಿಸಿಕೊಂಡ ಎರಡು, ಹಂದಿ ತುಳಿದ ಒಂದು, ಹೋದವು. ಐದು ಸಿಕ್ಕಿಲ್ಲ. ಯಾವುದೋ ಮಳೆಗಾಲದ ಪ್ರವಾಹಕ್ಕೆ ಮಣ್ಣಿನ ಜೊತೆ ತೊರೆಯಲ್ಲಿ ಎಲ್ಲಿಗೋ ಹೋಗಿವೆಯಂತೆ. ಉದ್ಘಾಟನೆ ರದ್ದಾಯಿತು. ಕೈಪಿಡಿಯ ಕಟ್ಟುಗಳನ್ನು ಹಿಂದಿನ ಕೋಣೆಗೆ ಹಾಕಿ ಬೀಗ ಜಡಿದರು. ನನ್ನ ನೋಟೀಸನ್ನು ಯಾರೂ ವಾಪಸು ಪಡೆದಿಲ್ಲ, ಅದರ ಮಾತೂ ಎತ್ತುತ್ತಿಲ್ಲ.

ಅಪ್ಪನ ಮೇಲೆ ವಿಚಾರಣೆ ಇದೆ. ಜೈಲು ಇರಲಾರದು ಎನ್ನುತ್ತಾಳೆ ಮುಖ್ಯಸ್ಥೆ, ಖಚಿತವಾಗಿ ಹೇಳುತ್ತಿಲ್ಲ. ಬರುವ ವಾರದ ಶನಿವಾರ ಹೊರಟು ಬರುತ್ತಾರೆ. ಬೀದಿಯವರು ಪತ್ರಿಕೆ ಓದಿರುತ್ತಾರೆ. ಬಸ್ ನಿಲ್ದಾಣಕ್ಕೆ ನೀವು ಹೋಗಿರಿ ಅತ್ತೆ, ಒಬ್ಬರೇ ನಡೆದು ಬರುವುದು ಬೇಡ.

ಕುಳ್ಳಿ

*

ಡಿಸೆಂಬರ್ 11

ಕುಳ್ಳಿ,

ವಿಚಾರಣೆ ಮುಂದಿನ ತಿಂಗಳಿಗೆ ಹೋಯಿತು. ಶಾಲೆಯವರು ಯಂತ್ರಗಳನ್ನೆಲ್ಲ ವಾಪಸು ಒಯ್ದರು. ಎದುರು ಅಂಗಡಿಯವನು ಮೊದಲಿನ ಹಾಗೇ ಮಾತಾಡುತ್ತಾನೆ. ಅವನ ಹೆಂಡತಿ ಮಾತಾಡುವುದಿಲ್ಲ. ಇರಲಿ.

ಇದನ್ನು ಬರೆಯುವುದಕ್ಕೆ ಕಾರಣ ಬೇರೆ. ಮೊನ್ನೆ ಮಧ್ಯಾಹ್ನ ಅಂಗಡಿಗೆ ನನ್ನ ವಯಸ್ಸಿನವನೊಬ್ಬ ಬಂದ. ಕೈಯಲ್ಲಿ ಯಂತ್ರ ಇರಲಿಲ್ಲ, ಮಡಿಸಿದ ಪತ್ರಿಕೆ ಇತ್ತು. ಬಸ್ಸಿನಲ್ಲಿ ಏಳು ಗಂಟೆ ದಾರಿ ಬಂದಿದ್ದನಂತೆ. ‘ನೀವೇನಾ?’ ಎಂದ. ನಾನೇ ಎಂದೆ. ಹೊಡೆಯುತ್ತಾನೆ ಅಂದುಕೊಂಡೆ. ಸ್ಟೂಲು ಎಳೆದುಕೊಂಡು ಕೂತ. ಆ ಹಳ್ಳಿಯವನು.

‘ತೋಟದ ಕಡೆಯಿಂದ ಶಬ್ದ ಬಂತು ಅಂತ ಪೇಪರ್‌ನಲ್ಲಿ ಹಾಕಿದ್ದಾರೆ. ಯಾವ ತಾರೀಕು ಅದು?’ ಎಂದ.

ತಾರೀಕು ಹೇಳಿದೆ. ಅದನ್ನು ನಾನು ಮರೆತದ್ದಿಲ್ಲ.

‘ಎಷ್ಟು ಹೊತ್ತಿಗೆ?’

‘ಬೆಳಗ್ಗೆ. ಎಂಟಿರಬೇಕು. ಎರಡು ಶಬ್ದ. ಮಧ್ಯೆ ಅರ್ಧ ಗಂಟೆ.’

ಅವನು ಪತ್ರಿಕೆಯ ಅಂಚಿನಲ್ಲಿ ತಾರೀಕು ಬರೆದುಕೊಂಡ. ಪೆನ್ನಿನ ಟೋಪಿ ಹಾಕಿ ಜೇಬಿಗೆ ಇಟ್ಟ. ಆಮೇಲೆ ಹೇಳಿದ. ಊರು ಬಿಟ್ಟು ಡೇರೆಯಲ್ಲಿದ್ದಾಗ ಮಕ್ಕಳಿಗೆ ಹಣ್ಣು ತರುತ್ತೇನೆ ಎಂದು ಅವನ ಅಕ್ಕ ಹೋದಳಂತೆ. ಬರಲಿಲ್ಲ ಅಂತ ಭಾವ ಹುಡುಕಿಕೊಂಡು ಹೋದನಂತೆ. ಮಕ್ಕಳನ್ನು ಇವನೇ ಸಾಕಿದ. ಅವರಿಬ್ಬರೂ ಗಡಿ ದಾಟಿ ಎಲ್ಲೋ ಬದುಕಿದ್ದಾರೆ, ನಮ್ಮನ್ನು ಬಿಟ್ಟು ಹೋದರು ಅಂತ ಆ ಮಕ್ಕಳು ಇವತ್ತಿನವರೆಗೂ ತಂದೆತಾಯಿಯ ಮೇಲೆ ಸಿಟ್ಟಿಟ್ಟುಕೊಂಡಿದ್ದಾರಂತೆ.

‘ಅರ್ಧ ಗಂಟೆ ಹುಡುಕಿದ್ದಾನೆ ನಮ್ಮ ಭಾವ’ ಎಂದ. ಅಷ್ಟೇ.

ಕ್ಷಮಿಸಿ ಎಂದು ಹೇಗೆ ಹೇಳಲಿ. ನೀರು ಕೊಟ್ಟೆ. ಲೋಟ ಹಿಡಿದುಕೊಂಡು ಕೂತ, ಕುಡಿಯಲಿಲ್ಲ. ಹೋಗುವ ಮುಂಚೆ, ಆ ಜಾಗ ನೋಡಬಹುದಾ ಎಂದು ಕೇಳಿದ. ಹಗ್ಗದ ತನಕ ನೋಡಬಹುದು, ನನ್ನ ಮಗಳು ಅಲ್ಲಿದ್ದಾಳೆ ಎಂದೆ. ‘ನೀವೂ ಬನ್ನಿ. ಎಲ್ಲಿ ಅಂತ ತೋರಿಸೋರು ಬೇರೆ ಯಾರಿದ್ದಾರೆ’ ಎಂದ. ಅವನ ಅಕ್ಕನ ಮಕ್ಕಳೂ ಬರುತ್ತಾರೆ. ಈಗ ಅವರಿಗೇ ನಲವತ್ತು ದಾಟಿದೆ.

ತೋಟಕ್ಕೆ ಕಾಲಿಡುವಾಗಲೂ ನನಗೆ ಇಷ್ಟು ಭಯವಾಗಿರಲಿಲ್ಲ ಕುಳ್ಳಿ. ಬರಲ್ಲ ಎನ್ನಲು ಬಾಯಿ ತೆರೆದೆ, ಬರ್ತೀನಿ ಎಂದೆ.

ಬರುವ ವಾರದ ಗುರುವಾರ ಹನ್ನೊಂದರ ಬಸ್ಸಿಗೆ ಬರುತ್ತೇವೆ. ನೀನು ಗೇಟಿನ ಹತ್ತಿರವೇ ಇರು. ತೋಟದ ಹತ್ತಿರ ಹೋದಾಗ ಅವರ ಪಕ್ಕದಲ್ಲಿ ನಿಂತುಕೊ. ನನ್ನ ಪಕ್ಕದಲ್ಲಿ ಬೇಡ.

ಅಪ್ಪ